‘ದಿ ಟಿಂಗ್ಲರ್’ ತೋರಿಸಿ: ಚಿತ್ರಸಮಾಜಗಳ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಊರೂರುಗಳಲ್ಲಿ ಚಿತ್ರಸಮಾಜ ನಡೆಸುತ್ತಿರುವ ಗೆಳೆಯರೆಲ್ಲರಿಗೆ,



ಮುಂದಿನ ಕಾರ್ಯಕ್ರಮಗಳ ಪಟ್ಟಿ ಹಾಕುವಾಗ ಒಂದು ಸಂಜೆಯನ್ನು ‘ದಿ ಟಿಂಗ್ಲರ್’ ಚಿತ್ರಕ್ಕೆ ಬಿಟ್ಟುಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ. 1959ರಲ್ಲಿ ಬಂದ ಅಮೆರಿಕದ ಕಪ್ಪು ಬಿಳುಪು ಹಾರರ್ ಸಿನಿಮಾ ಇದು. ನಿರ್ಮಾಣ, ನಿರ್ದೇಶನ ವಿಲಿಯಂ ಕ್ಯಾಸಲ್, ಬರವಣಿಗೆ ರಾಬ್ ವೈಟ್, ಮುಖ್ಯ ಪಾತ್ರದಲ್ಲಿ ವಿನ್ಸೆಂಟ್ ಪ್ರೈಸ್. 82 ನಿಮಿಷಕ್ಕೆ ಮುಗಿಯುತ್ತದೆ. ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರ ಹುಬ್ಬು ಗಂಟಾಗುತ್ತದೆ ಎಂದು ಬಲ್ಲೆ. ಸೀಟಿನ ಕೆಳಗೆ ಮೋಟಾರು ಕಟ್ಟಿ ಜನರನ್ನು ನಡುಗಿಸಿದ ಸಿನಿಮಾ ಎಂದೇ ಅದಕ್ಕೆ ಹೆಸರು. ಕಡಿಮೆ ದುಡ್ಡಿನಲ್ಲಿ ತೆಗೆದದ್ದು, ಗಿಮಿಕ್ ನಂಬಿ ಓಡಿದ್ದು. ಓಜು, ಬರ್ಗ್‌ಮನ್, ಘಟಕ್‌ರಂಥ ನಿರ್ದೇಶಕರು ಕೂರುವ ಸಾಲಿನಲ್ಲಿ ಇದಕ್ಕೂ ಒಂದು ಕುರ್ಚಿಯೇ ಎನ್ನುತ್ತೀರಿ. ಹೌದು, ಆ ಕುರ್ಚಿಯನ್ನೇ ಕೇಳುತ್ತಿದ್ದೇನೆ. ಇದರ ತಪ್ಪುಗಳು ನನಗೆ ಚೆನ್ನಾಗಿ ಗೊತ್ತು, ಮುಂದೆ ಒಂದೊಂದಾಗಿ ಹೇಳುತ್ತೇನೆ. ಅವೆಲ್ಲ ಇದ್ದೂ ಈ ಸಿನಿಮಾ ಕೊಡುವ ಖುಷಿ ದೊಡ್ಡದು. ಅದಕ್ಕಿಂತ ಮುಖ್ಯವಾಗಿ, ಹತ್ತಾರು ಜನ ಕತ್ತಲಲ್ಲಿ ಒಟ್ಟಿಗೆ ಕೂತು ಸಿನಿಮಾ ನೋಡುವುದೆಂದರೆ ಏನು ಎಂಬ ವಿಷಯವನ್ನು ಇಷ್ಟು ನೇರವಾಗಿ ಕೈಗೆತ್ತಿಕೊಂಡ ಚಿತ್ರಗಳು ಕಡಿಮೆ. ಆ ಒಟ್ಟಿಗೆ ಕೂರುವ ಕೆಲಸವನ್ನೇ ನೀವು ವರ್ಷಗಟ್ಟಲೆ ಉಳಿಸಿಕೊಂಡು ಬಂದಿರುವುದು. ಅದಕ್ಕೇ ಪತ್ರ ನಿಮಗೆ.

ಮೊದಲು ಕಥೆ. ನೀವು ಆಯ್ಕೆ ಮಾಡುವವರಾದ್ದರಿಂದ ಪೂರ್ತಿ ಹೇಳುತ್ತೇನೆ. ಪ್ರೇಕ್ಷಕರಿಗೆ ಹಂಚುವ ಟಿಪ್ಪಣಿಯಲ್ಲಿ ಮಾತ್ರ ಇದನ್ನು ಹಾಕಬೇಡಿ.

ವಾರೆನ್ ಚಾಪಿನ್ ಒಬ್ಬ ವೈದ್ಯ, ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾದವರ ಪೋಸ್ಟ್‌ಮಾರ್ಟಂ ಮಾಡುವವನು. ವಿಪರೀತ ಭಯದಲ್ಲಿ ಸತ್ತವರ ಬೆನ್ನುಮೂಳೆ ಯಾವುದೋ ಭಾರೀ ಒತ್ತಡಕ್ಕೆ ಸಿಕ್ಕಂತೆ ಮುರಿದಿರುವುದನ್ನು ಅವನು ಗಮನಿಸಿದ್ದಾನೆ. ಅವನ ಊಹೆ ಹೀಗೆ: ಹೆದರಿದಾಗ ನಮ್ಮ ಬೆನ್ನಲ್ಲಿ ಝುಮ್ಮೆಂದು ಏರುವ ಚಳುಕು ಬರೀ ನರಗಳ ಆಟವಲ್ಲ. ಅಲ್ಲೊಂದು ಜೀವಿ ಇದೆ, ಅದೇ ಟಿಂಗ್ಲರ್. ಭಯ ಹೆಚ್ಚಿದಂತೆ ಅದು ಬೆಳೆದು ಗಟ್ಟಿಯಾಗಿ ಬೆನ್ನುಮೂಳೆಯನ್ನು ಹಿಡಿದು ಹಿಂಡುತ್ತದೆ. ಮನುಷ್ಯ ಕಿರುಚಿದ ಕ್ಷಣ ಅದರ ಶಕ್ತಿ ಉಡುಗಿಹೋಗುತ್ತದೆ. ನಾವೆಲ್ಲ ಬದುಕಿ ಉಳಿದಿರುವುದು ಕಿರುಚಿಕೊಂಡದ್ದರಿಂದ. ಹಾಗಾದರೆ ಕಿರುಚಲಾಗದ ಒಬ್ಬರು ಮಿತಿಮೀರಿ ಹೆದರಿದರೆ ಏನಾದೀತು?

ಆ ಒಬ್ಬರು ಮಾರ್ಥಾ ಹಿಗ್ಗಿನ್ಸ್. ಕಿವಿ ಕೇಳದ, ಮಾತು ಬಾರದ ಹೆಂಗಸು. ಗಂಡ ಆಲಿಯ ಜೊತೆ ಸೇರಿ ಚಿಕ್ಕದೊಂದು ಚಿತ್ರಮಂದಿರ ನಡೆಸುತ್ತಾಳೆ, ಅದರ ಮೇಲಿನ ಮನೆಯಲ್ಲೇ ವಾಸ. ಆ ಚಿತ್ರಮಂದಿರದಲ್ಲಿ ಓಡುವುದು ಬರೀ ಹಳೆಯ ಮೂಕಿಚಿತ್ರಗಳು. ಇಲ್ಲಿ ಒಂದು ಗಳಿಗೆ ನಿಲ್ಲಿ ಎಂದು ನಿಮ್ಮನ್ನು ಬೇಡುತ್ತೇನೆ. ಕಿರುಚಿದರೆ ಮಾತ್ರ ಬದುಕು ಎನ್ನುವ ಕಥೆಯೊಳಗೆ ದನಿ ಇಲ್ಲದ ಹೆಂಗಸು, ಅವಳ ಮನೆಯ ಕೆಳಗೆ ದನಿ ಇಲ್ಲದ ಸಿನಿಮಾ! ಪರದೆಯ ಮೇಲೆ ಓಡುತ್ತಿರುವ ಚಿತ್ರವೂ ಸುಮ್ಮನೆ ಸಿಕ್ಕಿದ್ದಲ್ಲ, ಹೆನ್ರಿ ಕಿಂಗ್ ನಿರ್ದೇಶಿಸಿದ 1921ರ ‘ಟಾಲಬಲ್ ಡೇವಿಡ್’, ಮೂಕಿ ಕಾಲದ ಹೆಸರಾಂತ ಚಿತ್ರ. ಅಗ್ಗದ ಹಾರರ್ ಸಿನಿಮಾ ಮಾಡಲು ಹೊರಟವನಿಗೆ ಇಷ್ಟೆಲ್ಲ ಯೋಚನೆ ಯಾಕೆ ಬೇಕಿತ್ತು? ಹೆಂಗಸು ಕಾಡಿನ ನಡುವಿನ ಒಂಟಿ ಬಂಗಲೆಯಲ್ಲಿದ್ದರೂ ಕಥೆ ನಡೆಯುತ್ತಿತ್ತು. ಚಿತ್ರಮಂದಿರದ ಮೇಲೇ ಅವಳ ಮನೆ ಇಟ್ಟಿರುವುದರಿಂದ ಕೊನೆಗೆ ಅವಳ ಬೆನ್ನಿನಿಂದ ಹೊರಬಂದ ಆ ಜೀವಿ ತಪ್ಪಿಸಿಕೊಂಡಾಗ ಅದು ಇಳಿದುಬರುವುದು ಸೀದಾ ಪ್ರೇಕ್ಷಕರ ಕಾಲ ಬುಡಕ್ಕೆ.

ಕ್ಯಾಸಲ್ ಕಟ್ಟಿದ ತಂತ್ರ ಇರುವುದು ಇಲ್ಲೇ. ಜೀವಿ ಸಭಾಂಗಣದೊಳಗೆ ನುಗ್ಗುತ್ತದೆ, ಒಬ್ಬ ಹುಡುಗಿಯ ಕಾಲು ಹತ್ತುತ್ತದೆ, ಅವಳು ಚೀರುತ್ತಾಳೆ, ಚಾಪಿನ್ ದೀಪ ಆರಿಸುತ್ತಾನೆ. ಪರದೆ ಪೂರ್ತಿ ಕಪ್ಪು. ಆ ಕತ್ತಲೆಯಲ್ಲಿ ವಿನ್ಸೆಂಟ್ ಪ್ರೈಸ್‌ನ ದನಿ ಕೇಳುತ್ತದೆ: ಟಿಂಗ್ಲರ್ ಈ ಚಿತ್ರಮಂದಿರದಲ್ಲೇ ಬಿಡುಗಡೆಯಾಗಿದೆ, ಜೀವ ಬೇಕಿದ್ದರೆ ಕಿರುಚಿ ಎಂದು. ಯಾವ ಚಿತ್ರಮಂದಿರ? ಕಥೆಯೊಳಗಿನದ್ದೋ, ನಾವು ಟಿಕೆಟ್ ಕೊಂಡು ಕೂತದ್ದೋ? ಕತ್ತಲಲ್ಲಿ ಎರಡೂ ಒಂದೇ. ನಡುವೆ ಇದ್ದ ಪರದೆಯೇ ಕಾಣುತ್ತಿಲ್ಲವಲ್ಲ! ಅದೇ ಹೊತ್ತಿಗೆ ಸರಿಯಾಗಿ ಕೆಲವು ಸೀಟುಗಳ ಕೆಳಗಿನ ಮೋಟಾರುಗಳಿಗೆ ಕರೆಂಟು ಹರಿಯುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಮಿಕ್ಕಿದ್ದ ಪುಟ್ಟ ಮೋಟಾರುಗಳು ಅವು, ವಿಮಾನದ ರೆಕ್ಕೆಯ ಮೇಲಿನ ಹಿಮ ಉದುರಿಸಲು ಬಳಕೆಯಾಗುತ್ತಿದ್ದವು ಎಂದು ಕ್ಯಾಸಲ್ ಹೇಳಿಕೊಂಡಿದ್ದಾನೆ. ಅದಕ್ಕೆ ಅವನಿಟ್ಟ ಹೆಸರು ‘ಪರ್ಸೆಪ್ಟೊ’. ಎಲ್ಲ ಸೀಟಿಗೂ ಕಟ್ಟಿರಲಿಲ್ಲ, ಅಲ್ಲಲ್ಲಿ ಕೆಲವಕ್ಕೆ ಮಾತ್ರ. ತನ್ನ ಸೀಟು ನಡುಗದವನೂ ಪಕ್ಕದವನು ಎಗರಿ ಬಿದ್ದದ್ದು ಕಂಡು ಕಿರುಚುತ್ತಿದ್ದ. ಪ್ರೇಕ್ಷಕರ ನಡುವೆ ಕಿರುಚಲೆಂದೇ ಕೂರಿಸಿದ ಬಾಡಿಗೆಯ ಜನರಿದ್ದರು, ಮೂರ್ಛೆ ಹೋದಂತೆ ನಟಿಸಿ ಸ್ಟ್ರೆಚರ್ ಮೇಲೆ ಹೊರಹೋಗುವ ಹೆಂಗಸೂ ಇದ್ದಳು.

ಇದನ್ನೆಲ್ಲ ಮಾಡಿದ ಮನುಷ್ಯನ ಹಿನ್ನೆಲೆಯನ್ನೂ ತುಸು ಹೇಳಬೇಕು. ವಿಲಿಯಂ ಕ್ಯಾಸಲ್ 1914ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಸ್ಟುಡಿಯೋಗಳ ಸಣ್ಣ ಬಜೆಟ್ಟಿನ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಪಳಗಿದವನು. ಆರ್ಸನ್ ವೆಲ್ಸ್‌ನ ‘ದಿ ಲೇಡಿ ಫ್ರಮ್ ಶಾಂಘೈ’ ಚಿತ್ರದ ನಿರ್ಮಾಣದಲ್ಲೂ ಅವನ ಕೈ ಇತ್ತು. ಐವತ್ತರ ದಶಕ ಅಮೆರಿಕದಲ್ಲಿ ಟಿವಿ ಮನೆಮನೆಗೆ ಬಂದು ಜನ ಟಾಕೀಸಿನ ದಾರಿ ಮರೆಯುತ್ತಿದ್ದ ಕಾಲ. ದೊಡ್ಡ ಕಂಪನಿಗಳು ಸಿನೆರಾಮಾ, ಸಿನಿಮಾಸ್ಕೋಪ್ ಎಂದು ಪರದೆ ಹಿಗ್ಗಿಸಿ ಜನರನ್ನು ಕರೆದವು. ಅಷ್ಟು ಬಂಡವಾಳ ಕ್ಯಾಸಲ್ ಬಳಿ ಇರಲಿಲ್ಲ. ಮನೆ ಅಡವಿಟ್ಟು 1958ರಲ್ಲಿ ‘ಮಕಾಬರ್’ ತೆಗೆದ. ಚಿತ್ರ ನೋಡುತ್ತ ಭಯದಿಂದ ಸತ್ತರೆ ವಾರಸುದಾರರಿಗೆ ಸಾವಿರ ಡಾಲರ್ ಎಂದು ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ಮಾಡಿಸಿ ಸಾರಿದ. ಜನ ಮುಗಿಬಿದ್ದರು. ಮುಂದಿನದು ‘ಹೌಸ್ ಆನ್ ಹಾಂಟೆಡ್ ಹಿಲ್’. ಅಲ್ಲಿ ಪರದೆಯ ಮೇಲೆ ಅಸ್ಥಿಪಂಜರ ಕಾಣಿಸುವ ಹೊತ್ತಿಗೆ ನಿಜವಾದೊಂದು ಪ್ಲಾಸ್ಟಿಕ್ ಅಸ್ಥಿಪಂಜರ ತಂತಿಯ ಮೇಲೆ ಪ್ರೇಕ್ಷಕರ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಮಕ್ಕಳು ಅದಕ್ಕೆ ಪಾಪ್‌ಕಾರ್ನ್ ಡಬ್ಬ ಎಸೆಯುತ್ತಿದ್ದರು.

ಆ ಮೇಲೆ ಬಂದ ‘13 ಗೋಸ್ಟ್ಸ್’ (1960) ಚಿತ್ರದಲ್ಲಿ ಕೆಂಪು, ನೀಲಿ ಪಾರದರ್ಶಕ ಹಾಳೆಯ ಕನ್ನಡಕ. ಒಂದರಲ್ಲಿ ದೆವ್ವ ಕಾಣುತ್ತದೆ, ಇನ್ನೊಂದರಲ್ಲಿ ಮರೆಯಾಗುತ್ತದೆ. ‘ಹೋಮಿಸೈಡಲ್’ (1961) ಚಿತ್ರದ ಕ್ಲೈಮ್ಯಾಕ್ಸಿಗೆ ಮುಂಚೆ ಗಡಿಯಾರ ಓಡಿಸಿ, ಹೆದರಿದವರು ಈಗಲೇ ಎದ್ದುಹೋಗಿ, ದುಡ್ಡು ವಾಪಸ್ಸು ಎಂದು ಘೋಷಣೆ. ಇವೆಲ್ಲ ಮೋಜಿನವು. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಬಹುತೇಕ ಹೊರಗಿನಿಂದ ಅಂಟಿಸಿದ ಗಿಮಿಕ್. ವಿಮೆ ತೆಗೆದರೂ ‘ಮಕಾಬರ್’ ಅದೇ ‘ಮಕಾಬರ್’, ತಂತಿಯ ಅಸ್ಥಿಪಂಜರ ಕಳಚಿಟ್ಟರೂ ‘ಹಾಂಟೆಡ್ ಹಿಲ್’ ಕಥೆಗೆ ಏನೂ ಕೊರತೆಯಾಗದು. ‘ಟಿಂಗ್ಲರ್’ ಹಾಗಲ್ಲ. ಅದರ ಗಿಮಿಕ್ಕನ್ನು ಕಿತ್ತರೆ ಕಥೆಯೂ ಜೊತೆಗೇ ಕಿತ್ತುಬರುತ್ತದೆ. ಕಿರುಚಬೇಕು ಎನ್ನುವುದೇ ಕಥೆಯ ವಿಜ್ಞಾನ, ಕಿರುಚಿಸುವುದೇ ಸೀಟಿನ ಕೆಲಸ.

ನಮ್ಮಲ್ಲಿ ಇಂಥ ಗಿಮಿಕ್ಕಿನ ಒಂದು ಎಳೆ 2008ರಲ್ಲಿ ಕಂಡಿತು. ನಮ್ಮ ಸುದೀಪ್ ನಟಿಸಿದ್ದ ರಾಮ್‌ಗೋಪಾಲ್ ವರ್ಮಾ ಅವರ ಹಿಂದಿ ಚಿತ್ರ ‘ಫೂಂಕ್’ ಬಂದಾಗ, ಚಿತ್ರಮಂದಿರದಲ್ಲಿ ಒಬ್ಬರೇ ಕೂತು ಹೆದರದೆ ನೋಡಿದವರಿಗೆ 5 ಲಕ್ಷ ರೂಪಾಯಿ ಎಂದು ಪ್ರಚಾರ ಮಾಡಿದರು. ಸುದ್ದಿಯಾಯಿತು, ಟಿಕೆಟ್ಟೂ ಹೋಯಿತು. ಆದರೆ ನೋಡಿ, ಅಲ್ಲಿನ ಪಂದ್ಯ ಒಂಟಿಯಾಗಿ ಕೂರುವುದು. ಕ್ಯಾಸಲ್ ಹೂಡಿದ್ದು ಇದಕ್ಕೆ ತದ್ವಿರುದ್ಧ. ಅವನಿಗೆ ಬೇಕಾದದ್ದು ತುಂಬಿದ ಮನೆ, ಒಬ್ಬರ ಭಯ ಇನ್ನೊಬ್ಬರಿಗೆ ಹತ್ತುವಷ್ಟು ಹತ್ತಿರ ಹತ್ತಿರ ಕೂತ ಜನ.

ಕರಾವಳಿಯ ಗೆಳೆಯರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಯಕ್ಷಗಾನದ ‘ದೇವಿಮಹಾತ್ಮೆ’ ಆಟದ ಮಹಿಷಾಸುರ ಚೌಕಿಯಿಂದ ಸುಮ್ಮನೆ ರಂಗಸ್ಥಳಕ್ಕೆ ನಡೆದುಬರುವುದಿಲ್ಲ. ನಡುರಾತ್ರಿ ಕಳೆದ ಮೇಲೆ, ಕೂತ ಜನರ ಬೆನ್ನ ಹಿಂದಿನಿಂದ, ದೊಂದಿಯ ಬೆಂಕಿಯ ನಡುವೆ ಅಬ್ಬರಿಸುತ್ತ ಜನರನ್ನು ಸೀಳಿಕೊಂಡು ಬರುತ್ತಾನೆ. ತೂಕಡಿಸುತ್ತಿದ್ದವರು ಎದ್ದು ಓಡುತ್ತಾರೆ, ಮಕ್ಕಳು ಅಮ್ಮನ ಸೆರಗಿಗೆ ಮುಖ ಹುದುಗಿಸುತ್ತಾರೆ, ಮತ್ತೆ ಎಲ್ಲರೂ ನಗುತ್ತಾರೆ. ಅದನ್ನು ಗಿಮಿಕ್ ಎಂದು ಯಾರೂ ಹಳಿಯುವುದಿಲ್ಲ, ಆ ಪ್ರವೇಶಕ್ಕೆಂದೇ ಜನ ನಿದ್ದೆಗೆಟ್ಟು ಕಾಯುತ್ತಾರೆ. ಅಮೆರಿಕದ ಆ ಸೀಟಿನ ಮೋಟಾರಿಗೂ ಈ ದೊಂದಿಗೂ ಉದ್ದೇಶ ಒಂದೇ: ನೋಡುವವರು ಮತ್ತು ಆಡುವವರ ನಡುವಿನ ಗೆರೆಯನ್ನು ಒಂದು ಗಳಿಗೆ ಅಳಿಸುವುದು.

ಇನ್ನು ಚಿತ್ರದ ತಪ್ಪುಗಳಿಗೆ ಬರುತ್ತೇನೆ. ಮುಚ್ಚಿಡುವಂಥದ್ದೇನಿಲ್ಲ.

ಟಿಂಗ್ಲರ್ ಎಂಬ ಆ ಜೀವಿ ರಬ್ಬರಿನದು. ಜರಿಹುಳದ ಮೈ, ಮುಂದೆ ಸಿಗಡಿಯ ಕೊಂಡಿಯಂಥದ್ದು. ನೆಲದ ಮೇಲೆ ತೆವಳುವಾಗ ಅದು ತಾನಾಗಿ ತೆವಳುತ್ತಿಲ್ಲ, ಯಾರೋ ಎಳೆಯುತ್ತಿದ್ದಾರೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಗಮನವಿಟ್ಟು ನೋಡಿದರೆ ದಾರವೂ ಕಾಣುತ್ತದೆ. ವಿಜ್ಞಾನವನ್ನು ಕೇಳಲೇಬೇಡಿ. ಇಷ್ಟು ದೊಡ್ಡ ಜೀವಿ ಪ್ರತಿಯೊಬ್ಬರ ಬೆನ್ನಲ್ಲೂ ಇದ್ದು, ಇಷ್ಟು ಶತಮಾನಗಳಲ್ಲಿ ಒಬ್ಬ ವೈದ್ಯನ ಕಣ್ಣಿಗೂ ಬೀಳಲಿಲ್ಲ ಎಂದರೆ ಯಾರು ನಂಬುತ್ತಾರೆ? ಚಾಪಿನ್ ತನ್ನ ಹೆಂಡತಿಗೆ ಪಿಸ್ತೂಲು ಗುರಿಯಿಟ್ಟು, ಹುಸಿಗುಂಡು ಹಾರಿಸಿ, ಅವಳು ಭಯದಿಂದ ಮೂರ್ಛೆ ಹೋದಾಗ ಎಕ್ಸ್‌ರೇ ತೆಗೆದು ಸಂಶೋಧನೆ ಮುಂದುವರಿಸುತ್ತಾನೆ. ಇವನನ್ನೇ ಚಿತ್ರ ನಾಯಕನೆಂದು ನಮ್ಮ ಮುಂದೆ ನಿಲ್ಲಿಸುತ್ತದೆ. ಆ ಹೆಂಡತಿ ಇಸಬೆಲ್‌ಳ ಪಾತ್ರವನ್ನು ಚಿತ್ರ ಬರೀ ಕೆಟ್ಟವಳೆಂದು ಬರೆದು ಕೈತೊಳೆದುಕೊಂಡಿದೆ. ಅವಳು ಗಂಡ ಮಲಗಿದ್ದಾಗ ಟಿಂಗ್ಲರನ್ನೇ ಅವನ ಕತ್ತಿನ ಮೇಲೆ ಬಿಡುತ್ತಾಳೆ, ಅವಳ ತಂಗಿ ಲೂಸಿ ಬಂದು ಕಿರುಚಿದ್ದರಿಂದ ಅವನು ಉಳಿಯುತ್ತಾನೆ. ಅಷ್ಟು ದೊಡ್ಡ ಕೊಲೆಯತ್ನ ಮಾಡಿದವಳು ಆಮೇಲೆ ಕಥೆಯಿಂದಲೇ ಮಾಯ! ಅವಳು ಏನಾದಳೆಂದು ಯಾರೂ ವಿಚಾರಿಸುವುದಿಲ್ಲ. ಲೂಸಿ ಮತ್ತು ಅವಳನ್ನು ಮದುವೆಯಾಗಲಿರುವ ಡೇವಿಡ್‌ಗೆ ಮಾಡಲು ಹೆಚ್ಚು ಕೆಲಸವೇ ಇಲ್ಲ. ನಡುವೆ ಮಾತಿನ ದೃಶ್ಯಗಳು ಜಗ್ಗುತ್ತವೆ.

ಇವಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಒಬ್ಬ ಹೆಂಗಸಿನ ಅಂಗವೈಕಲ್ಯವನ್ನು ಚಿತ್ರ ಕಥೆಯ ಸಲಕರಣೆಯಾಗಿ ಬಳಸಿಕೊಂಡಿದೆ. ಇದನ್ನು ಪ್ರದರ್ಶನದ ನಂತರದ ಚರ್ಚೆಯಲ್ಲಿ ಎತ್ತಲೇಬೇಕು. ಎತ್ತುವಾಗ ಮಾರ್ಥಾ ಪಾತ್ರ ಮಾಡಿದ ಜುಡಿತ್ ಎವೆಲಿನ್‌ರನ್ನು ಮರೆಯಬೇಡಿ. ಹಿಚ್‌ಕಾಕ್‌ನ ‘ರಿಯರ್ ವಿಂಡೋ’ದಲ್ಲಿ ಎದುರು ಮನೆಯ ಒಂಟಿ ಹೆಂಗಸು ‘ಮಿಸ್ ಲೋನ್ಲಿಹಾರ್ಟ್ಸ್’ ಆಗಿ ನೀವು ಅವರನ್ನು ನೋಡಿದ್ದೀರಿ. ಅಲ್ಲೂ ನಾವು ಕಿಟಕಿಯಾಚೆಯಿಂದ ನೋಡುವ ಅವರ ದುಃಖವೆಲ್ಲ ಹೆಚ್ಚುಕಡಿಮೆ ಮೂಕಾಭಿನಯವೇ. ಇಲ್ಲಿ ಸಂಭಾಷಣೆ ಒಂದೂ ಇಲ್ಲ. ಕಣ್ಣು, ಬೆರಳು, ಉಸಿರಾಟ ಇಷ್ಟರಲ್ಲೇ ಮಾರ್ಥಾಳ ಅನುಮಾನ, ದುಡ್ಡಿನ ಮೇಲಿನ ಜೋಪಾನ, ರಕ್ತ ಕಂಡರೆ ಆಗುವ ತಳಮಳ ಎಲ್ಲವನ್ನೂ ತೋರಿಸುತ್ತಾರೆ. ಆಕೆಯ ಮುಖದ ಎದುರು ಬರವಣಿಗೆಯ ಒರಟುತನ ತಾನಾಗಿ ಹಿಂದೆ ಸರಿಯುತ್ತದೆ.

ಅವರ ಒಂದು ದೃಶ್ಯದ ಸಲುವಾಗಿಯೇ ಈ ಚಿತ್ರ ನೋಡಬೇಕು. ರಾತ್ರಿ. ಮಾರ್ಥಾ ಮನೆಯಲ್ಲಿ ಒಬ್ಬಳೇ. ಚಾಪಿನ್ ಆಕೆಗೊಂದು ಇಂಜೆಕ್ಷನ್ ಕೊಟ್ಟುಹೋಗಿದ್ದಾನೆ, ಅದರಲ್ಲಿ ಏನಿತ್ತೆಂದು ನಮಗೆ ಅನುಮಾನ. ತೂಗುಕುರ್ಚಿ ತಾನಾಗಿ ತೂಗುತ್ತದೆ. ಹೊದಿಕೆಯಡಿಯಿಂದ ವಿಕಾರ ಮುಖದ ಒಂದು ಆಕೃತಿ ಏಳುತ್ತದೆ. ಆಕೆ ಓಡಿ ಸ್ನಾನದ ಮನೆ ಸೇರುತ್ತಾಳೆ. ವಾಶ್‌ಬೇಸಿನ್ನಿನ ನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಹರಿದುಬರುವುದು ಕೆಂಪು. ಇಡೀ ಸಿನಿಮಾ ಕಪ್ಪು ಬಿಳುಪು, ಈ ದ್ರವ ಮಾತ್ರ ಹಸಿ ಕೆಂಪು! ತಿರುಗಿ ನೋಡಿದರೆ ಸ್ನಾನದ ತೊಟ್ಟಿಯ ತುಂಬ ಅದೇ ಕೆಂಪು, ಅದರೊಳಗಿಂದ ನಿಧಾನವಾಗಿ ಒಂದು ಕೈ ಮೇಲೇಳುತ್ತದೆ. ಔಷಧದ ಕಪಾಟಿನ ಬಾಗಿಲು ತೆರೆದುಕೊಂಡರೆ ಅಲ್ಲಿ ಆಕೆಯ ಹೆಸರಿನದೇ ಮರಣಪತ್ರ. ಆಕೆ ಬಾಯಿ ತೆರೆಯುತ್ತಾಳೆ, ದನಿ ಬರುವುದಿಲ್ಲ, ಕುಸಿದು ಸಾಯುತ್ತಾಳೆ.

ಇದನ್ನು ಮಾಡಿದ ಬಗೆ ಗೊತ್ತಾದಾಗ ನನಗೆ ಆ ತಂಡದ ಮೇಲೆ ಪ್ರೀತಿ ಹೆಚ್ಚಾಯಿತು. ಕಪ್ಪು ಬಿಳುಪು ಫಿಲ್ಮಿನ ಮೇಲೆ ಬಣ್ಣ ಹಚ್ಚಿದ್ದಲ್ಲ ಅದು. ದೃಶ್ಯವನ್ನು ಕಲರ್ ಫಿಲ್ಮಿನಲ್ಲೇ ತೆಗೆದರು. ಅದಕ್ಕಾಗಿ ಸ್ನಾನದ ಮನೆಯ ಸೆಟ್ಟಿಗೆಲ್ಲ ಬಿಳಿ, ಕಪ್ಪು, ಬೂದು ಬಣ್ಣ ಬಳಿದರು. ಜುಡಿತ್ ಎವೆಲಿನ್‌ರ ಮುಖಕ್ಕೂ ಬೂದು ಮೇಕಪ್ಪು. ಅಂದರೆ ನಿಜವಾದ ಲೋಕವನ್ನೇ ಕಪ್ಪು ಬಿಳುಪು ಮಾಡಿ, ರಕ್ತವೊಂದನ್ನು ಅದರ ಬಣ್ಣದಲ್ಲೇ ಬಿಟ್ಟರು. ಇವತ್ತು ಕಂಪ್ಯೂಟರಿನಲ್ಲಿ ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವ ಕೆಲಸವನ್ನು ಅವರು ಬ್ರಷ್ಷು, ಡಬ್ಬಿ ಹಿಡಿದು ಮಾಡಿದ್ದಾರೆ. ಹಣ ಇಲ್ಲದವನ ತಲೆ ಎಷ್ಟು ಓಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಮ್ಮ ಕಿರುಚಿತ್ರ ಮಾಡುವ ಮಕ್ಕಳಿಗೆ ತೋರಿಸಲಾರಿರಿ.

ಆಮೇಲೆ ತಿಳಿಯುವುದು, ಇದು ಭ್ರಮೆಯೂ ಅಲ್ಲ, ದೆವ್ವವೂ ಅಲ್ಲ. ಗಂಡ ಆಲಿ ಮುಖವಾಡ ತೊಟ್ಟು, ಕೆಂಪು ನೀರು ಹರಿಸಿ, ಕಿರುಚಲಾರದ ಹೆಂಡತಿಯನ್ನು ಹೆದರಿಸಿಯೇ ಕೊಂದಿದ್ದಾನೆ. ಫಿಲಿಪ್ ಕೂಲಿಡ್ಜ್ ಆ ಪಾತ್ರವನ್ನು ಎಷ್ಟು ಸೌಮ್ಯವಾಗಿ ಮಾಡಿದ್ದಾರೆಂದರೆ ಕೊನೆಯವರೆಗೂ ಅವನ ಮೇಲೆ ಕನಿಕರವೇ. ಇಲ್ಲೊಂದು ಸಂಗತಿ ರಂಗಭೂಮಿಯವರಿಗೆ ರುಚಿಸೀತು. 1941ರಲ್ಲಿ ಬ್ರಾಡ್‌ವೇಯಲ್ಲಿ ‘ಏಂಜಲ್ ಸ್ಟ್ರೀಟ್’ ನಾಟಕ ಶುರುವಾದಾಗ ಅದರ ಗಂಡ ಹೆಂಡತಿಯಾಗಿದ್ದವರು ವಿನ್ಸೆಂಟ್ ಪ್ರೈಸ್ ಮತ್ತು ಜುಡಿತ್ ಎವೆಲಿನ್. ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ ನಾಟಕದ ಅಮೆರಿಕದ ಹೆಸರು ಅದು. ಹೆಂಡತಿಗೆ ಹುಚ್ಚು ಹಿಡಿದಿದೆ ಎಂದು ಆಕೆಯನ್ನೇ ನಂಬಿಸಲು ಹೊರಟ ಗಂಡನ ಕಥೆ. ಹದಿನೆಂಟು ವರ್ಷದ ನಂತರ ಅದೇ ಇಬ್ಬರು ಈ ಸಣ್ಣ ಸಿನಿಮಾದಲ್ಲಿ ಮತ್ತೆ ಎದುರಾದರು. ಇಲ್ಲಿ ಪ್ರೈಸ್ ಆಕೆಯ ಗಂಡನಲ್ಲ, ಆದರೆ ಇಂಜೆಕ್ಷನ್ ಕೊಟ್ಟ ಅವನ ಮೇಲೆಯೇ ನಮ್ಮ ಅನುಮಾನ ಮೊದಲು ಹೋಗುವಂತೆ ಕಥೆ ಕಟ್ಟಿದ್ದಾರೆ.

ಪ್ರೈಸ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಯೇಲ್‌ನಲ್ಲಿ ಕಲೆಯ ಇತಿಹಾಸ ಓದಿದ್ದ, ಚಿತ್ರಕಲೆಯ ಬಗ್ಗೆ ಆಳವಾದ ತಿಳಿವಳಿಕೆ ಇದ್ದ ಮನುಷ್ಯ. ಇಂಥ ಸಿನಿಮಾ ಒಪ್ಪಿಕೊಂಡಾಗ ಅನೇಕ ನಟರು ಇದು ನನ್ನ ಮಟ್ಟದ್ದಲ್ಲ ಎನ್ನುವ ಭಾವವನ್ನು ಮುಖದ ಮೇಲೆ ಇಟ್ಟುಕೊಂಡೇ ನಟಿಸುತ್ತಾರೆ. ಪ್ರೈಸ್ ಹಾಗೆ ಮಾಡಲಿಲ್ಲ. ಟಿಂಗ್ಲರ್ ಇದೆ ಎಂದು ಪೂರ್ತಿ ನಂಬಿ ನಟಿಸಿದ. ಭಯ ಏನೆಂದು ತಿಳಿಯಲು ಚಾಪಿನ್ ತನಗೆ ತಾನೇ ಎಲ್‌ಎಸ್‌ಡಿ ಚುಚ್ಚಿಕೊಳ್ಳುವ ದೃಶ್ಯವೊಂದಿದೆ. ದೊಡ್ಡ ಸ್ಟುಡಿಯೋದ ಚಿತ್ರವೊಂದರಲ್ಲಿ ಎಲ್‌ಎಸ್‌ಡಿ ಕಾಣಿಸಿಕೊಂಡದ್ದು ಇದೇ ಮೊದಲು ಎನ್ನುತ್ತಾರೆ. ಆಗಿನ್ನೂ ಅದು ಕಾನೂನುಬಾಹಿರವಾಗಿರಲಿಲ್ಲ. ಗೋಡೆಗಳು ಹತ್ತಿರ ಬಂದಂತೆ ಅವನು ಬೆವರುತ್ತಾನೆ, ಕೊರಳಪಟ್ಟಿ ಸಡಿಲಿಸುತ್ತಾನೆ, ಮೂಲೆಯ ಅಸ್ಥಿಪಂಜರ ನೋಡಿ ಬೆಚ್ಚುತ್ತಾನೆ, ಕಿರುಚಬಾರದೆಂದು ಹಲ್ಲು ಕಚ್ಚಿ ಕೊನೆಗೆ ತಡೆಯಲಾರದೆ ಕಿರುಚುತ್ತಾನೆ. ವಿಪರೀತ ಅಭಿನಯ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಈ ಕಥೆಯನ್ನು ಅಳೆದು ತೂಗಿ, ತಗ್ಗಿದ ದನಿಯಲ್ಲಿ ಅಭಿನಯಿಸಿದ್ದರೆ ಹತ್ತು ನಿಮಿಷವೂ ಕೂರಲಾಗುತ್ತಿರಲಿಲ್ಲ. ಅವನ ನಂಬಿಕೆಯೇ ರಬ್ಬರಿನ ಹುಳಕ್ಕೆ ಜೀವ ಕೊಟ್ಟಿದ್ದು.

ಕ್ಯಾಸಲ್‌ನನ್ನು ಕಡೆಗಣಿಸಬೇಡಿ ಎನ್ನಲು ಇನ್ನೊಂದು ಕಾರಣವಿದೆ. ‘ರೋಸ್‌ಮೇರೀಸ್ ಬೇಬಿ’ ನಿಮ್ಮಲ್ಲಿ ಅನೇಕರಿಗೆ ಪ್ರಿಯವಾದ ಚಿತ್ರ. ಐರಾ ಲೆವಿನ್ ಕಾದಂಬರಿಯ ಹಕ್ಕು ಕೊಂಡವನು ಕ್ಯಾಸಲ್. ತಾನೇ ನಿರ್ದೇಶಿಸಬೇಕೆಂದು ಆಸೆಪಟ್ಟಿದ್ದ. ಸ್ಟುಡಿಯೋ ಆ ಕೆಲಸವನ್ನು ರೋಮನ್ ಪೊಲಾನ್ಸ್‌ಕಿಗೆ ಕೊಟ್ಟಿತು. ಕ್ಯಾಸಲ್ ನಿರ್ಮಾಪಕನಾಗಿ ಉಳಿದ. 1968ರ ಆ ಚಿತ್ರದಲ್ಲಿ ಟೆಲಿಫೋನ್ ಬೂತಿನ ಹೊರಗೆ ನಿಂತು ರೋಸ್‌ಮೇರಿಯನ್ನು ಬೆಚ್ಚಿಸುವ ದಪ್ಪನೆಯ ಮನುಷ್ಯ ಅವನೇ. ಸ್ಟುಡಿಯೋದ ತೀರ್ಮಾನ ಸರಿಯೇ ಇರಬಹುದು, ಪೊಲಾನ್ಸ್‌ಕಿಯ ಚಿತ್ರ ಮೇರುಕೃತಿ. ಆದರೆ ಆ ಪುಸ್ತಕದಲ್ಲಿ ಏನಿದೆ ಎಂದು ಮೊದಲು ಮೂಸಿ ತಿಳಿದವನು ಈ ಗಿಮಿಕ್ಕಿನ ಮನುಷ್ಯ. ಜಾನ್ ವಾಟರ್ಸ್‌ರಂಥ ನಿರ್ದೇಶಕ ಹುಡುಗನಾಗಿದ್ದಾಗ ಮೋಟಾರು ಕಟ್ಟಿದ ಸೀಟು ಯಾವುದೆಂದು ಚಿತ್ರಮಂದಿರದಲ್ಲಿ ಹುಡುಕಾಡಿದ್ದನ್ನು ಅಭಿಮಾನದಿಂದ ಹೇಳಿಕೊಂಡಿದ್ದಾರೆ. ಜೋ ಡಾಂಟೆ 1993ರಲ್ಲಿ ಮಾಡಿದ ‘ಮ್ಯಾಟಿನಿ’ ಚಿತ್ರದ ನಾಯಕ ಕ್ಯಾಸಲ್‌ನ ಪಡಿಯಚ್ಚು.

ಈಗ ನಮ್ಮ ಸಭಾಂಗಣಗಳ ಮಾತು. ಸುಚಿತ್ರದಿಂದ ಹಿಡಿದು ಹೆಗ್ಗೋಡಿನ ನೀನಾಸಂ ಚಿತ್ರಸಮಾಜದವರೆಗೆ, ಕರ್ನಾಟಕದ ಚಿತ್ರಸಮಾಜಗಳು ನಮಗೆ ಕಣ್ಣು ಕೊಟ್ಟಿವೆ. ಜಗತ್ತಿನ ಒಳ್ಳೆಯ ಚಿತ್ರಗಳು ಹಳ್ಳಿಯವರಿಗೆ ಹಿಡಿಸವು ಎಂಬ ಮಾತನ್ನು ನೀನಾಸಂನ ಕೆ. ವಿ. ಸುಬ್ಬಣ್ಣನವರು ಹಳ್ಳಿಯ ಜನರ ಮುಂದೆ ಅವನ್ನು ತೋರಿಸಿಯೇ ಸುಳ್ಳು ಮಾಡಿದರು. ಆ ಋಣ ನನ್ನ ಮೇಲಿದೆ. ಅದೇ ಸಲುಗೆಯಿಂದ ಕೇಳುತ್ತೇನೆ: ನಮ್ಮ ಪ್ರದರ್ಶನಗಳಲ್ಲಿ ಜನ ಯಾಕೆ ಇಷ್ಟು ಬಿಗಿದುಕೊಂಡು ಕೂರುತ್ತಾರೆ? ನಗಬೇಕಾದಲ್ಲಿ ಅಕ್ಕಪಕ್ಕ ನೋಡಿ ನಗುತ್ತಾರೆ. ಬೆಚ್ಚಿದರೆ ಕೆಮ್ಮಿ ಮರೆಸುತ್ತಾರೆ. ಮುಗಿದ ಮೇಲೆ ಒಳ್ಳೆಯ ಮಾತಾಡುತ್ತಾರೆ, ನೋಡುವಾಗ ಮಾತ್ರ ಮೈಯನ್ನು ಹೊರಗೆ ಬಿಟ್ಟುಬಂದವರಂತೆ ಇರುತ್ತಾರೆ. ಅದೇ ಜನ ಊರಿನ ಟಾಕೀಸಿನಲ್ಲಿ ಶಿಳ್ಳೆ ಹಾಕಿದವರು. ಹೊಸ ಹುಡುಗರು ನಮ್ಮ ಕಡೆ ಬರುತ್ತಿಲ್ಲ ಎಂದು ನೀವು ಕೊರಗುವುದನ್ನು ಕೇಳಿದ್ದೇನೆ. ಅವರು ಮನೆಯಲ್ಲಿ ಫೋನಿನ ಮೇಲೆ ಹಾರರ್ ನೋಡುತ್ತಿದ್ದಾರೆ, ಒಬ್ಬೊಬ್ಬರೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಅವರಿಗೆ ಅಲ್ಲಿ ಸಿಗದೇ ಇರುವುದು ಪಕ್ಕದ ಸೀಟಿನವರ ಚೀರಾಟ. ಅದನ್ನು ಕೊಡಲು ನಿಮ್ಮಿಂದ ಸಾಧ್ಯ.

ತೋರಿಸುವ ರೀತಿಯ ಬಗ್ಗೆ ಒಂದೆರಡು ಮಾತು. ಮೋಟಾರು ಬೇಕಿಲ್ಲ. ನ್ಯೂಯಾರ್ಕಿನ ಫಿಲಂ ಫೋರಂನಲ್ಲಿ ಸೀಟಿಗೆ ಮೋಟಾರು ಕಟ್ಟಿಯೇ ಇದನ್ನು ಮತ್ತೆ ತೋರಿಸಿದ್ದಾರೆ, ನಮ್ಮ ಪ್ಲಾಸ್ಟಿಕ್ ಕುರ್ಚಿಗಳಿಗೆ ಅದರ ಹಂಗಿಲ್ಲ. ಆದರೆ ಸಭಾಂಗಣ ನಿಜವಾಗಿಯೂ ಕತ್ತಲಾಗಬೇಕು. ಕಿಟಕಿಗೆ ಕಪ್ಪು ಬಟ್ಟೆ ಹಾಕಿ, ಬಾಗಿಲ ಮೇಲಿನ ಬಲ್ಬು ಆರಿಸಿ, ಫೋನುಗಳನ್ನು ಚೀಲಕ್ಕೆ ಹಾಕಿಸಿ. ಪರದೆ ಕಪ್ಪಾದಾಗ ಪ್ರೊಜೆಕ್ಟರ್ ಕೆಟ್ಟಿತೆಂದು ಯಾರೂ ಓಡಿಹೋಗಿ ದೀಪ ಹಾಕಬಾರದು, ನಿಮ್ಮ ಸ್ವಯಂಸೇವಕರಿಗೆ ಮೊದಲೇ ಹೇಳಿಡಿ. ಚಿತ್ರಕ್ಕೆ ಮುಂಚೆ ಉದ್ದದ ಪರಿಚಯ ಭಾಷಣ ಬೇಡ, ಆರಂಭದಲ್ಲಿ ಕ್ಯಾಸಲ್‌ನೇ ಪರದೆಯ ಮೇಲೆ ಬಂದು ನಿಂತು ಪರಿಚಯ ಮಾಡಿಕೊಡುತ್ತಾನೆ. ಅದು ಸಾಕು. ಕಿರುಚಬೇಕೆನಿಸಿದರೆ ಕಿರುಚಿ, ನಗು ಬಂದರೆ ನಗಿ ಎಂದಷ್ಟೇ ಜನರಿಗೆ ಹೇಳಿ. ತೀರ ಚಿಕ್ಕ ಮಕ್ಕಳನ್ನು ಕರೆಯಬೇಡಿ, ಸ್ನಾನದ ಮನೆಯ ದೃಶ್ಯ ಅವರಿಗೆ ಹೆಚ್ಚಾಗುತ್ತದೆ. ಹೈಸ್ಕೂಲು ದಾಟಿದವರನ್ನು ಧಾರಾಳವಾಗಿ ಕರೆಯಿರಿ.

ಮೂಕಿಚಿತ್ರದ ಜೊತೆ ಜೋಡಿ ಪ್ರದರ್ಶನ ಇಡುವ ಮನಸ್ಸಿದ್ದರೆ ಹಿಂದಿನ ದಿನ ‘ಟಾಲಬಲ್ ಡೇವಿಡ್’ ತೋರಿಸಿ. ಮರುದಿನ ಅದೇ ಚಿತ್ರ ಇನ್ನೊಂದು ಚಿತ್ರದೊಳಗೆ ಓಡುವುದನ್ನು, ಅದರ ಬೆಳಕಿನ ಮುಂದೆ ಟಿಂಗ್ಲರಿನ ನೆರಳು ಹರಿದುಹೋಗುವುದನ್ನು ಕಂಡಾಗ ಜನ ಏನು ಮಾಡುತ್ತಾರೆ ಎಂದು ನೋಡುವ ಕುತೂಹಲ ನನಗಿದೆ.

ಪ್ರದರ್ಶನದ ಅನುಮತಿ, ಪ್ರತಿ ತರಿಸುವುದು ಇವೆಲ್ಲ ನಿಮಗೆ ತಿಳಿದ ಕೆಲಸ. ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬೇಕಿದ್ದರೆ ಬರೆದುಕೊಡುತ್ತೇನೆ, ಸಂಭಾಷಣೆಗೆ ಕನ್ನಡ ಅಡಿಬರಹ ಮಾಡುವವರಿದ್ದರೆ ಜೊತೆಗೆ ಕೂರುತ್ತೇನೆ. ಯಾವ ಊರಿನವರು ಮೊದಲು ತಾರೀಖು ಗೊತ್ತು ಮಾಡುತ್ತೀರೋ ಆ ಊರಿಗೆ ಬರುತ್ತೇನೆ. ಪರದೆ ಕಪ್ಪಾಗಿ, ಪ್ರೈಸ್ ಕೂಗಿ ಹೇಳಿದ ಮೇಲೂ ಸಂಕೋಚಪಟ್ಟು ಯಾರೂ ಬಾಯಿ ತೆರೆಯದೇ ಹೋದರೆ, ಮೊದಲು ನಾನು ಕಿರುಚುತ್ತೇನೆ.

ಇಂತಿ,
ನಿಮ್ಮ ಪ್ರದರ್ಶನಗಳ ಹಳೆಯ ಪ್ರೇಕ್ಷಕ